ಹಳೆಯ ಕಾರಿಗೆ ಹೊಸ ಮರದ ಕಟ್ಟು, ಹೊಸ ತಗಡು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮ ತಾತನವರು ಕೆಜಿಎಫ್ ಗಣಿಯಲ್ಲಿ ಕೆಲಸದಲ್ಲಿದ್ದಾಗ, ಸ್ವದೇಶಕ್ಕೆ ಹೊರಟಿದ್ದ ಇಂಗ್ಲಿಷ್ ಅಧಿಕಾರಿಯೊಬ್ಬರಿಂದ ಕೊಂಡ 1957ರ ಮಾರಿಸ್ ಮೈನರ್ ಟ್ರಾವೆಲರ್ ಕಾರು ನಮ್ಮ ಶೆಡ್ಡಿನಲ್ಲಿ ಬಹುಕಾಲದಿಂದ ನಿಂತಿದೆ. ಎಂಜಿನ್ ತಿರುಗುತ್ತದೆ. ಆದರೆ ಹಿಂಭಾಗದ ಮರದ ಕಟ್ಟಿನ ಕೆಳಪಟ್ಟಿಗಳು ಕಪ್ಪಾಗಿವೆ. ಕೆಲವು ಕಡೆ ಸ್ಕ್ರೂಡ್ರೈವರ್ ಒತ್ತಿದರೆ ಒಳಕ್ಕೆ ಇಳಿಯುತ್ತದೆ. ಬಾಗಿಲುಗಳ ಕೆಳಗಿನ ತಗಡೂ ತುಕ್ಕು ತಿಂದಿದೆ. ಬಡಗಿಯೊಬ್ಬರು ಎಂ-ಸೀಲ್ ತುಂಬಿ ಬಣ್ಣ ಹೊಡೆದರೆ ಸಾಕು ಎನ್ನುತ್ತಾರೆ. ಟಿಂಕರಿಂಗ್ ಅಂಗಡಿಯವರು ಮರವನ್ನೆಲ್ಲ ಕಿತ್ತು ಕಬ್ಬಿಣದ ಚೌಕ ಪೈಪು ವೆಲ್ಡ್ ಮಾಡಿ, ಮೇಲೆ ಮರದ ಬಣ್ಣದ ಸ್ಟಿಕ್ಕರ್ ಅಂಟಿಸೋಣ ಎನ್ನುತ್ತಾರೆ. ಯಾವುದು ಸರಿ? ಮರದ ಕೆಲಸ ಮೊದಲೋ, ತಗಡಿನ ಕೆಲಸ ಮೊದಲೋ?
– ಓದುಗರು, ರಾಬರ್ಟ್‌ಸನ್‌ಪೇಟೆ

ಉತ್ತರ: ಎರಡೂ ಸಲಹೆಗಳನ್ನು ದಯವಿಟ್ಟು ಒಪ್ಪಿಕೊಳ್ಳಬೇಡಿ. ಟ್ರಾವೆಲರ್ ಕಾರಿನಲ್ಲಿ ಹೊರಗೆ ಕಾಣುವ ಮರ ಅಲಂಕಾರಕ್ಕೆ ಇಟ್ಟದ್ದಲ್ಲ. 1953ರಿಂದ 1971ರವರೆಗೆ ತಯಾರಾದ ಈ ಮಾದರಿಯಲ್ಲಿ ಮುಂಭಾಗ ಉಕ್ಕಿನ ತಗಡಿನದು. ಮುಂಬಾಗಿಲುಗಳ ಹಿಂದಿನ ಇಡೀ ಮೈಯನ್ನು, ಅಂದರೆ ಹಿಂಚಾವಣಿ, ಪಕ್ಕದ ಕಿಟಕಿಗಳು ಮತ್ತು ಹಿಂದಿನ ಎರಡು ಬಾಗಿಲುಗಳನ್ನು, ಆಶ್ ಎಂಬ ಯುರೋಪಿನ ಮರದ ಚೌಕಟ್ಟೇ ಹೊತ್ತು ನಿಂತಿರುತ್ತದೆ. ಪ್ರತ್ಯೇಕ ಚಾಸಿ ಇಲ್ಲದ ಈ ಕಾರಿನಲ್ಲಿ ಮರದ ಕಟ್ಟು ನೆಲದ ತಗಡಿಗೂ ಚಕ್ರದ ಮೇಲಿನ ಕಮಾನಿಗೂ ಬೋಲ್ಟಾಗಿರುವುದರಿಂದ ಮೈಯ ಬಿಗಿಯಲ್ಲಿ ಅದಕ್ಕೂ ಪಾಲಿದೆ. ಬ್ರಿಟನ್ನಿನ ವಾಹನ ತಪಾಸಣೆಯಲ್ಲಿ ಟ್ರಾವೆಲರ್‌ನ ಮರ ಕೊಳೆತಿದ್ದರೆ, ಚಾಸಿ ತುಕ್ಕು ಹಿಡಿದ ಕಾರಿನಂತೆಯೇ ಅದನ್ನೂ ಅನುತ್ತೀರ್ಣಗೊಳಿಸುತ್ತಿದ್ದರು. ಎಂ-ಸೀಲ್ ತುಂಬಿದ ಕೊಳೆತ ಮರ ಬೋಲ್ಟನ್ನು ಹಿಡಿಯುವುದಿಲ್ಲ. ಒಳಗಿನ ಕೊಳೆ ಬಣ್ಣದ ಮರೆಯಲ್ಲಿ ಇನ್ನಷ್ಟು ಹರಡುತ್ತದೆ. ಚೌಕ ಪೈಪಿನ ಸಲಹೆ ಇದಕ್ಕಿಂತ ಕೆಟ್ಟದ್ದು. ಪೈಪು ಗಟ್ಟಿ ನಿಜ, ಆದರೆ ಅದನ್ನು ತೆಳುವಾದ ನೆಲದ ತಗಡಿಗೆ ವೆಲ್ಡ್ ಮಾಡಿದಾಗ ಬಳುಕೆಲ್ಲ ಬೆಸುಗೆಯ ಪಕ್ಕದ ತಗಡಿನ ಮೇಲೆ ಬಿದ್ದು ಅಲ್ಲಿ ಬಿರುಕು ಬಿಡುತ್ತದೆ. ಜೊತೆಗೆ ಈ ಕಾರಿನ ಬೆಲೆಯೂ ಗುರುತೂ ಇರುವುದು ಆ ಮರದಲ್ಲೇ.

ಮೊದಲು ಮಾಡಬೇಕಾದದ್ದು ಕೊಳೆ ಎಲ್ಲಿಯವರೆಗೆ ಹೋಗಿದೆ ಎಂದು ತಿಳಿಯುವುದು. ಸ್ಕ್ರೂಡ್ರೈವರಿಗಿಂತ ಗೋಣಿಚೀಲ ಹೊಲಿಯುವ ದಬ್ಬಳ ಇದಕ್ಕೆ ಒಳ್ಳೆಯ ಸಾಧನ. ಜಾರುವ ಪಕ್ಕದ ಕಿಟಕಿಯ ಕೆಳಗಿನ ಪಟ್ಟಿಯಿಂದ ಶುರುಮಾಡಿ. ಗಾಜು ಓಡಾಡುವ ಹಳ್ಳದಲ್ಲಿ ಬಟ್ಟೆಯಂಥ ಫೆಲ್ಟ್ ಇರುತ್ತದೆ; ನಮ್ಮ ಕಡೆಯ ಕೆಂಪು ಧೂಳು ಅದರೊಳಗೆ ಕೂತು, ಮೊದಲ ಮಳೆಗೆ ಕೆಸರಾಗಿ, ನೀರು ಹೊರಹೋಗುವ ಸಣ್ಣ ತೂತುಗಳನ್ನು ಮುಚ್ಚಿಬಿಡುತ್ತದೆ. ಫೆಲ್ಟನ್ನು ಮೆಲ್ಲಗೆ ಎಬ್ಬಿಸಿದರೆ ಅಡಿಯಲ್ಲಿ ಹೆಪ್ಪುಗಟ್ಟಿದ ಮಣ್ಣಿನ ಪದರವೂ, ಅದರ ಕೆಳಗೆ ಎಳೆಎಳೆಯಾಗಿ ಬಿಟ್ಟುಕೊಂಡ ಮರವೂ ಕಾಣಿಸುತ್ತದೆ. ಹಿಂದಿನ ಮೂಲೆಗಂಬಗಳ ಬುಡ, ಚಕ್ರದ ಕಮಾನಿನ ಮೇಲೆ ಕೂರುವ ಬಾಗಿದ ತುಂಡು ಮತ್ತು ಹಿಂಬಾಗಿಲುಗಳ ಕೆಳಪಟ್ಟಿ ಇವು ಕೊಳೆಯುವ ಉಳಿದ ಜಾಗಗಳು. ಆದರೆ ಕಪ್ಪಾದದ್ದೆಲ್ಲ ಕೊಳೆತದ್ದಲ್ಲ. ಕಬ್ಬಿಣದ ಸ್ಕ್ರೂ ಸುತ್ತ ತೇವ ಸೇರಿದಾಗ ಗಟ್ಟಿ ಮರವೂ ಕಪ್ಪಾಗುತ್ತದೆ. ದಬ್ಬಳ ಅಲ್ಲಿ ಇಳಿಯದಿದ್ದರೆ ಅದು ಕಲೆ ಮಾತ್ರ, ಆಕ್ಸಾಲಿಕ್ ಆಮ್ಲವನ್ನು ನೀರಿನಲ್ಲಿ ಕರಗಿಸಿ ಹಚ್ಚಿ ಚೆನ್ನಾಗಿ ತೊಳೆದರೆ ತಿಳಿಯಾಗುತ್ತದೆ. ಅದು ವಿಷ, ಕೈಗವಸು ಹಾಕಿಕೊಳ್ಳಿ.

ಇನ್ನು ಯಾವುದು ಮೊದಲು ಎಂಬ ನಿಮ್ಮ ಪ್ರಶ್ನೆ. ಅಳತೆ ಮೊದಲು, ತಗಡು ಆಮೇಲೆ, ಮರ ಕೊನೆಗೆ. ಮರ ಕೂರುವುದು ತಗಡಿನ ಮೇಲೆ. ಸಿಲ್ (ಬಾಗಿಲುಗಳ ಕೆಳಗೆ ಉದ್ದಕ್ಕೂ ಇರುವ ಪೆಟ್ಟಿಗೆಯಾಕಾರದ ತಗಡು) ಮತ್ತು ನೆಲ ಅರ್ಧ ಅಂಗುಲ ಕುಸಿದಿರುವಾಗ ಹೊಸ ಮರವನ್ನು ಬಿಗಿದರೆ ಆ ಕುಸಿತವನ್ನೇ ಶಾಶ್ವತ ಮಾಡಿದಂತಾಗುತ್ತದೆ. ಹಾಗೆಂದು ಮರವನ್ನು ಬಿಚ್ಚಿ ಎಸೆದು ತಗಡಿನ ಕೆಲಸಕ್ಕೆ ಇಳಿದರೆ ಮೈ ಯಾವ ಆಕಾರದಲ್ಲಿತ್ತು ಎಂಬುದಕ್ಕೆ ಸಾಕ್ಷಿಯೇ ಉಳಿಯುವುದಿಲ್ಲ. ಆದ್ದರಿಂದ ಒಂದು ತಿರುಪನ್ನೂ ಸಡಿಲಿಸುವ ಮುನ್ನ, ಕಾರು ಸಮತಟ್ಟಾದ ಸಿಮೆಂಟ್ ನೆಲದ ಮೇಲೆ ತನ್ನ ನಾಲ್ಕೂ ಚಕ್ರಗಳ ಮೇಲೆ ನಿಂತಿರುವಾಗ, ಹಿಂಬಾಗಿಲ ಕಂಡಿಯ ಅಗಲ, ಎತ್ತರ ಮತ್ತು ಎರಡೂ ಕರ್ಣಗಳು, ಎಡ ಬಲ ಕಿಟಕಿಗಳ ಕರ್ಣಗಳು, ಚಾವಣಿಯ ಅಂಚಿನಿಂದ ನೆಲಕ್ಕಿರುವ ಎತ್ತರ ಇವನ್ನೆಲ್ಲ ಅಳೆದು ಬರೆದಿಟ್ಟುಕೊಳ್ಳಿ. ಎಡಬಲದ ಕರ್ಣಗಳಲ್ಲಿ ವ್ಯತ್ಯಾಸ ಕಂಡರೆ ಕುಸಿತ ಎಲ್ಲಿದೆ ಎಂಬುದು ಆಗಲೇ ತಿಳಿಯುತ್ತದೆ. ಪ್ರತಿ ಕೀಲಿನ, ಪ್ರತಿ ಬೋಲ್ಟಿನ ಫೋಟೊ ತೆಗೆಯಿರಿ. ಬಿಚ್ಚಿದ ಹಳೆಯ ತುಂಡುಗಳಿಗೆ ಗುರುತಿನ ಚೀಟಿ ಕಟ್ಟಿ, ಎಷ್ಟೇ ಪುಡಿಪುಡಿಯಾಗಿದ್ದರೂ ಹೊಸ ಕಟ್ಟು ಕೂತು ಬಾಗಿಲು ಮುಚ್ಚುವವರೆಗೆ ಜೋಪಾನ ಮಾಡಿ. ನಿಮ್ಮ ಬಡಗಿಗೆ ಅವೇ ನಕ್ಷೆ.

ತಗಡಿನ ಕೆಲಸದಲ್ಲಿ ನಮ್ಮ ಕಡೆಯ ದೊಡ್ಡ ತೊಂದರೆ ಎಂದರೆ ತುಕ್ಕಿನ ಮೇಲೆಯೇ ತುಂಡು ಹಾಕುವುದು. ತೂತು ಬಿದ್ದ ಸಿಲ್ ಮೇಲೆ ಹೊಸ ತಗಡು ಹೊದಿಸಿ ಬೆಸೆದು, ಪುಟ್ಟಿ ಎಳೆದು ಬಣ್ಣ ಹೊಡೆದರೆ ಒಂದೆರಡು ಮಳೆಗಾಲ ಚೆನ್ನಾಗಿ ಕಾಣುತ್ತದೆ. ಎರಡು ತಗಡುಗಳ ನಡುವೆ ಸಿಕ್ಕ ನೀರು ಮಾತ್ರ ಹೊರಬರುವುದಿಲ್ಲ. ಹಳೆಯದನ್ನು ಹೊಳೆಯುವ ಉಕ್ಕು ಸಿಗುವವರೆಗೆ ಕತ್ತರಿಸಲೇಬೇಕು. ಈ ಕಾರಿನ ಸಿಲ್, ನೆಲ, ಚಕ್ರದ ಕಮಾನುಗಳ ಸಿದ್ಧ ರಿಪೇರ್ ಪ್ಯಾನೆಲ್‌ಗಳು ಇಂದಿಗೂ ಇಂಗ್ಲೆಂಡಿನಲ್ಲಿ ತಯಾರಾಗುತ್ತವೆ. ಸಾಗಣೆ ಮತ್ತು ಸುಂಕ ಸೇರಿದರೆ ದುಬಾರಿ, ಆದರೆ ಬಾಗುವಿಕೆ ಹೆಚ್ಚಿರುವ ಭಾಗಗಳಿಗೆ ಆ ಹಣ ವ್ಯರ್ಥವಲ್ಲ. ನೇರ ಮಡಿಕೆಯ ತುಂಡುಗಳನ್ನು 18 ಅಥವಾ 20 ಗೇಜ್ ತಗಡಿನಲ್ಲಿ ಒಳ್ಳೆಯ ಮಡಿಕೆ ಯಂತ್ರವಿರುವ ಯಾವ ವರ್ಕ್‌ಶಾಪಿನಲ್ಲಾದರೂ ಮಾಡಿಸಬಹುದು. ತರಿಸಿದ ಪ್ಯಾನೆಲ್ ಹಾಗೆಯೇ ಕೂರುತ್ತದೆ ಎಂದು ಭಾವಿಸಬೇಡಿ. ಕ್ಲಾಂಪ್ ಹಾಕಿ, ಬಾಗಿಲನ್ನು ತೂಗಿಸಿ ಮುಚ್ಚಿ, ಸುತ್ತಲಿನ ಸಂದು ಮೇಲಿಂದ ಕೆಳಗೆ ಒಂದೇ ಸಮ ಬಂದಮೇಲಷ್ಟೇ ಬೆಸುಗೆಯ ಮಾತು.

ಕತ್ತರಿಸುವ ಮೊದಲು ಬಾಗಿಲ ಕಂಡಿಗೆ ಅಡ್ಡಲಾಗಿ ಪೈಪು ಬೆಸೆದು ಆಧಾರ ಕೊಡಿ, ಒಂದು ಬಾರಿಗೆ ಒಂದೇ ಪಕ್ಕದ ಸಿಲ್ ತೆಗೆಯಿರಿ, ಕಾರಿನ ನಡುಮಧ್ಯಕ್ಕೆ ಜಾಕ್ ಕೊಡಬೇಡಿ. ಗ್ಯಾಸ್ ವೆಲ್ಡಿಂಗ್ ಇಷ್ಟು ತೆಳುವಾದ ತಗಡನ್ನು ಸುಕ್ಕಾಗಿಸುತ್ತದೆ; ಗ್ಯಾರೇಜಿನವರು ಸಿಒಟು ಎಂದು ಕರೆಯುವ ವೆಲ್ಡಿಂಗಿನಲ್ಲಿ 0.6 ಅಥವಾ 0.8 ಮಿ.ಮೀ. ತಂತಿ ಬಳಸಿ, ಬೆರಳಗಲದ ಚಿಕ್ಕಚಿಕ್ಕ ಬೆಸುಗೆಗಳನ್ನು ಒಂದು ತುದಿಯಲ್ಲೊಂದು, ಇನ್ನೊಂದು ತುದಿಯಲ್ಲೊಂದು ಹಾಕುತ್ತ, ತಣಿಯಲು ಬಿಟ್ಟು ನಡುವೆ ತುಂಬುತ್ತ ಬರಬೇಕು. ಪೆಟ್ರೋಲ್ ಟ್ಯಾಂಕ್ ಈ ಕಾರಿನ ಹಿಂಭಾಗದ ನೆಲದಡಿಯಲ್ಲಿದೆ. ಅದನ್ನು ಬಿಚ್ಚಿ ಅಂಗಳದ ಆಚೆಗೆ ಇಡದೆ ವೆಲ್ಡಿಂಗ್ ಕಿಡಿ ಹಾರಿಸಲೇಬಾರದು. ಖಾಲಿ ಟ್ಯಾಂಕಿನ ಆವಿ ತುಂಬಿದ ಟ್ಯಾಂಕಿಗಿಂತ ಅಪಾಯಕಾರಿ. ಬ್ಯಾಟರಿಯ ತಂತಿಯನ್ನೂ ಕಳಚಿಡಿ. ಬೆಸುಗೆ ಮುಗಿದಮೇಲೆ ಪೆಟ್ಟಿಗೆಯಾಕಾರದ ಭಾಗಗಳ ಒಳಗೆ ಮೇಣದಂಥ ತುಕ್ಕುನಿರೋಧಕವನ್ನು ಸಿಂಪಡಿಸಿ. ಸಿಲ್ ಸಾಯುವುದು ಹೊರಗಿನಿಂದಲ್ಲ, ಒಳಗಿನಿಂದ.

ತಗಡು ಸಿದ್ಧವಾದ ಮೇಲೆ ಮರ. ಪಕ್ಕದ ಚೌಕಟ್ಟು ಪೂರಾ ಹೋಗಿದ್ದರೆ ಇಂಗ್ಲೆಂಡಿನಿಂದ ಜೋಡಿಸಿದ ಆಶ್ ಚೌಕಟ್ಟನ್ನು ತರಿಸಬಹುದು. ಕೆಳಪಟ್ಟಿ ಮತ್ತು ಕಂಬದ ಬುಡ ಮಾತ್ರ ಹೋಗಿದ್ದು ಮೇಲ್ಭಾಗ ಗಟ್ಟಿಯಾಗಿದ್ದರೆ, ಒಳ್ಳೆಯ ಮರವನ್ನು ಉಳಿಸಿಕೊಂಡು ಓರೆಗತ್ತರಿಯ ಕೀಲಿನಲ್ಲಿ, ಅಂದರೆ ಎರಡೂ ತುಂಡುಗಳ ತುದಿಯನ್ನು ಓರೆಯಾಗಿ ಕೊಯ್ದು ಒಂದರ ಮೇಲೊಂದು ಕೂರಿಸಿ, ಹೊಸ ತುಂಡು ಸೇರಿಸುವುದೇ ಉತ್ತಮವೆಂದು ನನ್ನ ಅಭಿಪ್ರಾಯ. ಓರೆಯ ಉದ್ದ ಮರದ ದಪ್ಪದ ಎಂಟು ಪಟ್ಟು ಇರಲಿ, 40 ಮಿ.ಮೀ. ದಪ್ಪಕ್ಕೆ 320 ಮಿ.ಮೀ. ದೋಣಿ ಕಟ್ಟುವವರು ಪಾಲಿಸುವ ಈ ಲೆಕ್ಕದಲ್ಲಿ ಎಪಾಕ್ಸಿ ಅಂಟು ಹಾಕಿದ ಕೀಲು ಸುತ್ತಲ ಮರದಷ್ಟೇ ಭಾರ ತಾಳುತ್ತದೆ. ಮನೆಯ ಪೀಠೋಪಕರಣಕ್ಕೆ ಬಳಸುವ ಸಾಮಾನ್ಯ ಬಿಳಿ ಫೆವಿಕಾಲ್ ಇಲ್ಲಿ ಬೇಡ, ಅದು ನೀರಿಗೆ ಸೋಲುತ್ತದೆ. ಎಪಾಕ್ಸಿ ಹಚ್ಚಿದಾಗ ಕ್ಲಾಂಪನ್ನು ಮಿತಿಮೀರಿ ಬಿಗಿಯಬೇಡಿ, ಅಂಟೆಲ್ಲ ಹೊರಗೆ ಹರಿದು ಕೀಲು ಬರಿದಾಗುತ್ತದೆ. ಅಂಟು ಹಾಕುವ ಮೊದಲು ಇಡೀ ಕಟ್ಟನ್ನು ಒಣದಾಗಿ ಜೋಡಿಸಿ, ಹಿಂಬಾಗಿಲುಗಳನ್ನು ತೂಗಿಹಾಕಿ, ಗಾಜುಗಳನ್ನು ಹಳ್ಳದಲ್ಲಿ ಜಾರಿಸಿ, ಬರೆದಿಟ್ಟ ಕರ್ಣಗಳಿಗೆ ತಾಳೆ ನೋಡಿ. ಇದಕ್ಕೆ ಒಂದು ವಾರ ಹಿಡಿದರೂ ಅದು ಮುಂದೆ ಬರುವ ಎಷ್ಟೋ ತೊಂದರೆಯನ್ನು ತಪ್ಪಿಸುತ್ತದೆ. ಕಿಟಕಿಹಳ್ಳದ ನೀರಿನ ತೂತುಗಳನ್ನು ಹೊಸ ಪಟ್ಟಿಯಲ್ಲಿ ಮರೆಯದೆ ಕೊರೆದು, ತೂತಿನ ಒಳಗೋಡೆಗೂ ಎಪಾಕ್ಸಿ ಬಳಿಯಿರಿ. ಮರ ಮತ್ತು ತಗಡು ಕೂಡುವಲ್ಲಿ ಒಣಗಿ ಗಟ್ಟಿಯಾಗದ ಮ್ಯಾಸ್ಟಿಕ್ ಪಟ್ಟಿ ಇಡಿ. ವಿನೆಗರ್ ವಾಸನೆ ಬರುವ ಸಿಲಿಕೋನ್ ಉಕ್ಕನ್ನು ತುಕ್ಕು ಹಿಡಿಸುತ್ತದೆ.

ಹಿಂಭಾಗದ ಪಕ್ಕದ ಹಾಳೆಗಳೂ ಹಿಂಚಾವಣಿಯೂ ಅಲ್ಯೂಮಿನಿಯಂ ಎಂಬುದನ್ನು ನಿಮ್ಮ ಟಿಂಕರಿಂಗ್ ಮೇಸ್ತ್ರಿಗೆ ಮೊದಲೇ ಹೇಳಿ. ಮ್ಯಾಗ್ನೆಟ್ ಹಿಡಿದರೆ ಅವರಿಗೇ ಗೊತ್ತಾಗುತ್ತದೆ. ಹಳೆಯ ಅಲ್ಯೂಮಿನಿಯಂ ಹಾಳೆ ಬಡಿದಂತೆಲ್ಲ ಗಡುಸಾಗಿ ಬಿರಿಯುತ್ತದೆ. ಉಬ್ಬುತಗ್ಗು ತೆಗೆಯುವ ಮೊದಲು ಬಟ್ಟೆಸೋಪನ್ನು ಅದರ ಮೇಲೆ ಉಜ್ಜಿ, ಗ್ಯಾಸ್ ಜ್ವಾಲೆಯನ್ನು ದೂರದಿಂದ ಆಡಿಸುತ್ತ ಸೋಪಿನ ಗೆರೆ ಕಂದು ದಾಟಿ ಕಪ್ಪಾಗುವವರೆಗೆ ಕಾಯಿಸಿ ನಿಲ್ಲಿಸಿದರೆ ಹಾಳೆ ಮೆತ್ತಗಾಗುತ್ತದೆ. ಅಲ್ಯೂಮಿನಿಯಂ ಕಾದು ಕೆಂಪಾಗುವುದಿಲ್ಲ, ನೇರ ಕರಗಿ ತೂತಾಗುತ್ತದೆ. ಕಣ್ಣಿಗೆ ಸೂಚನೆ ಕೊಡುವುದು ಆ ಸೋಪೊಂದೇ. ಈ ಕೆಲಸವನ್ನು ಹಾಳೆಯನ್ನು ಮರದಿಂದ ಬಿಚ್ಚಿಟ್ಟಾಗಲೇ ಮಾಡಿ. ಹಿತ್ತಾಳೆ ಸ್ಕ್ರೂ ಮರಕ್ಕೆ ಒಳ್ಳೆಯದಾದರೂ ಅಲ್ಯೂಮಿನಿಯಂಗೆ ತಾಗಿ ತೇವವೂ ಸೇರಿದರೆ ಹಾಳೆಯನ್ನು ತಿನ್ನುತ್ತದೆ. ಅಲ್ಲಿ ಸ್ಟೇನ್‌ಲೆಸ್ ಸ್ಕ್ರೂವನ್ನು ಸೀಲಂಟಿನಲ್ಲಿ ಅದ್ದಿ ಹಾಕಿ.

ಕೊನೆಗೆ ಆರ್‌ಟಿಒ ವಿಚಾರ. ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2021ರ ಜುಲೈನಲ್ಲಿ ಆದ ತಿದ್ದುಪಡಿಯಂತೆ, ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಮೂಲರೂಪದಲ್ಲೇ ಉಳಿದ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳನ್ನು ವಿಂಟೇಜ್ ವಾಹನವಾಗಿ ನೋಂದಾಯಿಸಬಹುದು. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಚಾಸಿ, ಮೈಕಟ್ಟು ಅಥವಾ ಎಂಜಿನ್ನಿನಲ್ಲಿ ಗಣನೀಯ ಮಾರ್ಪಾಡು ಆಗಿರಬಾರದು ಎಂಬ ಷರತ್ತಿದೆ. ಮರದ ಬದಲು ಕಬ್ಬಿಣದ ಪೈಪು ಹಾಕಿದರೆ ನೀವು ಆ ಷರತ್ತಿಗೆ ಎದುರಾಗಿ ನಿಲ್ಲುತ್ತೀರಿ. ಮರಕ್ಕೆ ಮರ, ತಗಡಿಗೆ ತಗಡು ಹಾಕಿ ಹಂತಹಂತದ ಫೋಟೊ ಇಟ್ಟುಕೊಂಡರೆ ಕಾರು ತನ್ನ ರೂಪದಲ್ಲೇ ಇದೆ ಎಂದು ತೋರಿಸಲು ಆಧಾರ ಇರುತ್ತದೆ.

ಪ್ರಶ್ನೆ: ನಾನು ಬಡಗಿ ಕೆಲಸದವನು. ಹಳೆಯ ಕಾರೊಂದಕ್ಕೆ ಮರದ ಚೌಕಟ್ಟು ಮಾಡಿಕೊಡಲು ಒಪ್ಪಿಕೊಂಡಿದ್ದೇನೆ. ಆಶ್ ಎಂಬ ಮರವನ್ನು ನಾನು ಕಂಡಿಲ್ಲ. ತೇಗದಲ್ಲಿ ಮಾಡಿದರೆ ಆಗುವುದೇ? ನಮ್ಮ ಸೀಮೆಯ ಬೇರೆ ಮರ ಒದಗುವುದೇ?
– ಓದುಗರು, ಶಿಡ್ಲಘಟ್ಟ

ಉತ್ತರ: ಆಚಾರ್ಯರೇ, ನಿಮ್ಮ ಪ್ರಶ್ನೆಯಿಂದ ತುಂಬ ಸಂತೋಷವಾಯಿತು, ಏಕೆಂದರೆ ಇದರ ಉತ್ತರದ ಒಂದು ಭಾಗ ನಮ್ಮ ಕಾಡುಗಳಲ್ಲೇ ಇದೆ. ಯುರೋಪಿನ ಗಾಡಿ ಕಟ್ಟುವವರು ಆಶ್ ಮರವನ್ನು ಆರಿಸಿಕೊಂಡದ್ದು ಅದು ಬಾಳಿಕೆ ಬರುತ್ತದೆ ಎಂದಲ್ಲ. ತೇವದಲ್ಲಿ ಆಶ್ ಬೇಗ ಕೊಳೆಯುವ ಮರ. ಅದರ ಗುಣ ಇರುವುದು ಉದ್ದನೆಯ ನೇರ ಎಳೆಯಲ್ಲಿ, ಪೆಟ್ಟು ಬಿದ್ದರೆ ಮುರಿಯದೆ ಬಳುಕಿ ಮರಳುವುದರಲ್ಲಿ, ಅಂಚಿಗೆ ಹತ್ತಿರ ಹಾಕಿದ ಸ್ಕ್ರೂವನ್ನೂ ಸೀಳದೆ ಹಿಡಿಯುವುದರಲ್ಲಿ. ಗುದ್ದಲಿ, ಕೊಡಲಿಗಳ ಹಿಡಿಗೂ ಹಾಕಿ ಆಟದ ಕೋಲಿಗೂ ಅಲ್ಲಿ ಅದನ್ನೇ ಬಳಸುತ್ತಿದ್ದರು.

ಇದೇ ಗುಣಗಳುಳ್ಳ ನಮ್ಮ ಮರವೆಂದರೆ ತಡಸಲು. ಕೊಡಲಿ ಕಾವಿಗೆ, ಗಾಡಿಯ ಮೂಕಿಗೆ, ಹೊರೆ ಹೊರುವ ಅಡ್ಡೆಗೆ ನಿಮ್ಮ ಹಿರಿಯರು ಇದನ್ನು ಹುಡುಕಿ ತರುತ್ತಿದ್ದದ್ದು ಸುಮ್ಮನೆ ಅಲ್ಲ. ಆಶ್‌ಗಿಂತ ಸ್ವಲ್ಪ ಭಾರ, ಬಳುಕಿನಲ್ಲಿ ಅದಕ್ಕೆ ಸಮೀಪ. ಎಳೆ ನೇರವಾಗಿರುವ, ಗಂಟಿಲ್ಲದ ತುಂಡು ಸಿಕ್ಕರೆ ಕಂಬಗಳಿಗೂ ಬಾಗಿಲ ಚೌಕಟ್ಟಿಗೂ ಧೈರ್ಯವಾಗಿ ಬಳಸಿ. ಮರದ ಡಿಪೊ ಅಥವಾ ಪರವಾನಗಿ ಇರುವ ಸಾಮಿಲ್ಲಿನಿಂದ ರಸೀದಿ ಸಹಿತ ಕೊಳ್ಳಿ. ಹಿಪ್ಪುನೇರಳೆಯ ಬಗ್ಗೆಯೂ ನಿಮ್ಮೂರಿನಲ್ಲಿ ಯೋಚನೆ ಬರುವುದು ಸಹಜ. ಉತ್ತರ ಭಾರತದಲ್ಲಿ ಮರದ ಹಾಕಿ ಕೋಲುಗಳು ತಯಾರಾಗುವುದು ಅದರಲ್ಲೇ. ಆದರೆ ರೇಷ್ಮೆಗಾಗಿ ಪದೇಪದೇ ಕತ್ತರಿಸುವ ನಮ್ಮ ತೋಟದ ಗಿಡದಲ್ಲಿ ಈ ಕೆಲಸಕ್ಕೆ ಬೇಕಾದ ದಪ್ಪ ಬರುವುದಿಲ್ಲ. ಮರವಾಗಿ ಬೆಳೆದದ್ದು ಸಿಕ್ಕರೆ ಮಾತ್ರ ನೋಡಬಹುದು.

ತೇಗಕ್ಕೆ ಬಂದರೆ, ಅದು ಕೊಳೆಯದು, ಹುಳು ಹಿಡಿಯದು, ಅಳತೆ ಕೆಡದು. ನೀರು ನಿಲ್ಲುವ ಕೆಳಪಟ್ಟಿಗಳಿಗೆ ಅದು ಆಶ್‌ಗಿಂತಲೂ ಹೆಚ್ಚು ಕಾಲ ಬಾಳುತ್ತದೆ. ಆದರೆ ಪೆಟ್ಟಿಗೆ ಅದು ಬಳುಕುವ ಮರವಲ್ಲ, ಸಿಡಿಯುವ ಮರ. ದಿನಕ್ಕೆ ಹತ್ತಾರು ಬಾರಿ ಬಡಿಯುವ ಬಾಗಿಲಿನ ಸಣ್ಣ ಅಡ್ಡಪಟ್ಟಿಗಳಿಗೆ ನಾನು ಅದನ್ನು ಹೇಳುವುದಿಲ್ಲ. ತೇಗದ ಎಣ್ಣೆಯಂಶ ಅಂಟನ್ನು ಹಿಡಿಯಗೊಡದು, ಹಾಗಾಗಿ ತೋಪಡ ಹೊಡೆದ ಕೂಡಲೇ ಕೀಲಿನ ಮುಖವನ್ನು ಅಸಿಟೋನಿನಿಂದ ಒರೆಸಿ, ಆರಿದೊಡನೆ ಎಪಾಕ್ಸಿ ಹಚ್ಚಿ. ಆಶ್ ಮರವೇ ಬೇಕೆಂದು ಗ್ರಾಹಕರು ಹೇಳಿದರೆ ಬೆಂಗಳೂರಿನಲ್ಲಿ ವಿದೇಶಿ ಮರ ಮಾರುವವರಲ್ಲಿ ಅಮೆರಿಕದ ಆಶ್ ಸಿಗುತ್ತದೆ. ತಂದ ದಿನವೇ ಕೊಯ್ಯಬೇಡಿ. ನಮ್ಮ ಸೀಮೆಯ ಏಪ್ರಿಲ್ ಗಾಳಿಗೆ ಅದು ಇನ್ನೂ ಕುಗ್ಗುತ್ತದೆ. ನೆರಳಿನಲ್ಲಿ, ಪಟ್ಟಿ ಕೊಟ್ಟು ಜೋಡಿಸಿ, ಕೆಲವು ವಾರ ಒಗ್ಗಲು ಬಿಡಿ. ಹುಳುವಿಗೆ ಬೋರಾಕ್ಸ್ ಮತ್ತು ಬೋರಿಕ್ ಆಮ್ಲದ ದ್ರಾವಣದಲ್ಲಿ ಅದ್ದಿ ಪೂರ್ತಿ ಒಣಗಿಸಿ. ಆ ಮದ್ದು ನೀರಿಗೆ ತೊಳೆದುಹೋಗುವುದರಿಂದ ಮೇಲೆ ವಾರ್ನಿಷ್ ಇರಲೇಬೇಕು. ಹಿತ್ತಾಳೆ ಸ್ಕ್ರೂ ಹಾಕುವಲ್ಲಿ ಮೊದಲು ಅದೇ ಅಳತೆಯ ಉಕ್ಕಿನ ಸ್ಕ್ರೂ ಹಾಕಿ ತೆಗೆದು ದಾರಿ ಮಾಡಿ, ಇಲ್ಲದಿದ್ದರೆ ಗಟ್ಟಿ ಮರದಲ್ಲಿ ಹಿತ್ತಾಳೆಯ ಕುತ್ತಿಗೆ ಮುರಿಯುತ್ತದೆ.

ಪ್ರಶ್ನೆ: ನಮ್ಮಲ್ಲಿರುವ 1947ರ ಎಂಜಿ ಟಿಸಿ ಕಾರಿನ ಬಲಬಾಗಿಲು ಜೋತುಬಿದ್ದಿದೆ. ಕೀಲುಪಟ್ಟಿ ಬದಲಿಸಿದರೂ ಪ್ರಯೋಜನವಾಗಲಿಲ್ಲ. ಹೊರಗೆ ತಗಡೆಲ್ಲ ಚೆನ್ನಾಗಿದೆ. ಒಳಗೆ ಮರವಿದೆ ಎನ್ನುತ್ತಾರೆ. ತಗಡು ಬಿಚ್ಚದೆ ತಿಳಿಯುವುದು ಹೇಗೆ?
– ಓದುಗರು, ತುಮಕೂರು

ಉತ್ತರ: ಟ್ರಾವೆಲರ್‌ನಲ್ಲಿ ಮರ ಹೊರಗೆ ಕಾಣುತ್ತದೆ, ನಿಮ್ಮ ಕಾರಿನಲ್ಲಿ ಉಕ್ಕಿನ ತಗಡಿನ ಒಳಗೆ ಅಡಗಿದೆ, ಮರ ಅದೇ ಆಶ್. 1945ರಿಂದ 1949ರವರೆಗಿನ ಟಿಸಿಗೆ ಪ್ರತ್ಯೇಕ ಚಾಸಿ ಇರುವುದರಿಂದ ಮರ ಸಡಿಲವಾದರೂ ಕಾರು ಓಡುತ್ತಲೇ ಇರುತ್ತದೆ, ರೋಗ ತಡವಾಗಿ ತಿಳಿಯುತ್ತದೆ. ಬಾಗಿಲನ್ನು ಅರ್ಧ ತೆರೆದು ತುದಿಯನ್ನು ಹಿಡಿದು ಮೇಲಕ್ಕೆತ್ತಿ, ಇನ್ನೊಬ್ಬರು ಕೀಲುಪಟ್ಟಿಯ ಮೇಲೆ ಬೆರಳಿಟ್ಟಿರಲಿ. ಪಿನ್ ಮಾತ್ರ ಅಲುಗಿದರೆ ದೋಷ ಕೀಲಿನದು. ಕೀಲುಪಟ್ಟಿ ತಗಡಿನ ಸಮೇತ ಅಲುಗಿದರೆ ಒಳಗಿನ ಕಂಬ ಸ್ಕ್ರೂಗಳನ್ನು ಬಿಟ್ಟುಕೊಟ್ಟಿದೆ. ನಿಮ್ಮ ವಿವರಣೆ ಎರಡನೆಯದನ್ನೇ ಸೂಚಿಸುತ್ತದೆ.

ಒಳಗಿನ ಲೈನಿಂಗ್ ಹಲಗೆಗಳನ್ನು ತೆಗೆದರೆ ಮರದ ಬಹುಭಾಗ ಕಣ್ಣಿಗೆ ಬೀಳುತ್ತದೆ, ತಗಡು ಬಿಚ್ಚುವ ಅಗತ್ಯ ಆಗ ಬರುವುದಿಲ್ಲ. ಮರ ಗಟ್ಟಿಯಾಗಿದ್ದು ಸ್ಕ್ರೂತೂತು ಮಾತ್ರ ಸವೆದಿದ್ದರೆ, ತೂತನ್ನು ಅಗಲಿಸಿ ಗಟ್ಟಿಮರದ ಗೂಟವನ್ನು ಎಪಾಕ್ಸಿಯೊಡನೆ ಬಡಿದು ಹೊಸದಾಗಿ ಕೊರೆಯಿರಿ. ಕಂಬವೇ ಮೆತ್ತಗಾಗಿದ್ದರೆ ತಗಡಿನ ಮಡಿಸಿದ ಅಂಚನ್ನು ಮೊಳೆಗಳಿಂದ ಬಿಡಿಸಿ ಕಂಬ ಬದಲಿಸದೆ ದಾರಿಯಿಲ್ಲ. ಆ ಮಡಿಕೆಯನ್ನು ಒಂದೇ ಬಾರಿಗೆ ನೆಟ್ಟಗೆ ಎಬ್ಬಿಸಿದರೆ ಹಳೆಯ ತಗಡು ಸೀಳುತ್ತದೆ. ಚಪ್ಪಟೆ ಉಳಿಯಿಂದ ಇಡೀ ಉದ್ದಕ್ಕೂ ಸ್ವಲ್ಪಸ್ವಲ್ಪವೇ ಎಬ್ಬಿಸುತ್ತ ಹಲವು ಸುತ್ತು ಹೋಗಬೇಕು. ಹೊಸ ಕಂಬಕ್ಕೂ ತಗಡಿಗೂ ನಡುವೆ ಟಾರು ಬಳಿದ ಬಟ್ಟೆಪಟ್ಟಿ ಇಟ್ಟರೆ ಕಿರುಗುಟ್ಟುವ ಸದ್ದೂ ತೇವವೂ ದೂರ.

ಪ್ರಶ್ನೆ: ಹೊಸ ಮರಕ್ಕೆ ಮೆಲಮೈನ್ ಪಾಲಿಶ್ ಮಾಡಿಸಿದೆವು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಬಿಳಿಚಿಕೊಂಡು ಏಳುತ್ತಿದೆ. ಏನು ಮಾಡಬೇಕು?
– ಓದುಗರು, ಗೌರಿಬಿದನೂರು

ಉತ್ತರ: ಮೆಲಮೈನ್ ಮನೆಯೊಳಗಿನ ಮೇಜು ಕುರ್ಚಿಗೆ ಸರಿ. ಬಿಸಿಲಿಗೆ ಅದು ಗಡುಸಾಗಿ ಕೂದಲೆಳೆಯಷ್ಟು ಬಿರಿಯುತ್ತದೆ, ಅಲ್ಲಿಂದ ಇಳಿದ ನೀರು ಪದರದಡಿ ಸಿಕ್ಕಿಕೊಳ್ಳುತ್ತದೆ. ಎಲ್ಲವನ್ನೂ ಮರದ ಮೈ ಕಾಣುವವರೆಗೆ ಕೆರೆದು, ಬೇಸಿಗೆಯಲ್ಲಿ ಪೂರ್ತಿ ಒಣಗಲು ಬಿಟ್ಟು, ಬಿಸಿಲು ತಡೆಯುವ ಗುಣವಿರುವ ಹೊರಾಂಗಣದ ವುಡ್ ಸ್ಟೇನ್ ಅಥವಾ ಹಡಗಿಗೆ ಬಳಸುವ ವಾರ್ನಿಷನ್ನು ತೆಳುವಾಗಿ ಹಲವು ಕೋಟು ಹಚ್ಚಿಸಿ. ಮರವನ್ನು ಅಡ್ಡ ಕೊಯ್ದ ತುದಿಗಳು ಬೇರೆ ಮೈಗಿಂತ ಹಲವು ಪಟ್ಟು ನೀರು ಹೀರುತ್ತವೆ. ಅಲ್ಲಿಗೆ ಎರಡು ಕೋಟು ಹೆಚ್ಚು. ಪ್ರತಿವರ್ಷ ಮೇ ತಿಂಗಳಲ್ಲಿ ಕಿಟಕಿಹಳ್ಳದ ಮಣ್ಣು ತೆಗೆದು, ನೀರಿನ ತೂತುಗಳಲ್ಲಿ ತಂತಿ ಆಡಿಸಿ, ಮಂಕಾದ ಕಡೆ ಒಂದು ಕೋಟು ಹಚ್ಚುವುದನ್ನು ತಪ್ಪಿಸಬೇಡಿ. ಕಾರನ್ನು ಪ್ಲಾಸ್ಟಿಕ್ ಹೊದಿಕೆಯಡಿ ಇಡುತ್ತಿದ್ದರೆ ಇಂದೇ ಅದನ್ನು ತೆಗೆದು ಹತ್ತಿಬಟ್ಟೆಯ ಹೊದಿಕೆ ಹಾಕಿ, ಶೆಡ್ಡಿನಲ್ಲಿ ಗಾಳಿ ಆಡುವಂತೆ ನೋಡಿಕೊಳ್ಳಿ.